ಒಳಾಂಗಣ ಮಾದರಿ ವಿಮಾನವನ್ನು ಬಲೂನಿನ ದಾರದಿಂದ ತಿರುಗಿಸುವುದು ಹೇಗೆ

ವಿಮಾನದ ತೂಕ ಒಂದೂವರೆ ಗ್ರಾಂ ಹತ್ತಿರ. ನಿಮ್ಮ ತಲೆಯ ಮೇಲೆ 30 ಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ರಿಮೋಟ್ ಇಲ್ಲ, ಬ್ಯಾಟರಿ ಇಲ್ಲ, ತಿರುಚಿದ ರಬ್ಬರ್ ಒಂದೇ ಅದರ ಇಂಜಿನ್. ಕೈಯಿಂದ ಬಿಟ್ಟ ಮೇಲೆ ಅದು ಅದರ ಪಾಡಿಗೆ ಹೋಗುತ್ತದೆ, ಫ್ರೀ ಫ್ಲೈಟ್ ಅನ್ನುವುದು ಅದಕ್ಕೇ. ಈಗ ಅದು ಸುತ್ತಿನಿಂದ ಸುತ್ತಿಗೆ ಮೆಲ್ಲಗೆ ಗೋಡೆ ಕಡೆ ಸರಿಯುತ್ತಿದೆ. ಏನು ಮಾಡುತ್ತೀರಿ?

ಸುಮ್ನೆ ನೋಡುತ್ತಾ ನಿಂತರೆ ವಿಮಾನ ಗೋಡೆಗೆ ತಗುಲಿ, ಗೋಡೆಯುದ್ದಕ್ಕೂ ಜಾರಿಕೊಂಡು ಕೆಳಗೆ ಬರುತ್ತದೆ. ಇಲ್ಲವೇ ಛಾವಣಿಯ ಕಬ್ಬಿಣದ ತೊಲೆಯ ಮೇಲೆ ಕೂತುಬಿಡುತ್ತದೆ. ಇದನ್ನು ತಪ್ಪಿಸುವುದಕ್ಕೆ ಇರುವ ಉಪಾಯ ನೋಡಿದರೆ ನಗು ಬರುತ್ತದೆ: ಹೀಲಿಯಂ ಬಲೂನಿಗೆ ದಾರ ಕಟ್ಟಿ ಮೇಲಕ್ಕೆ ಬಿಡುವುದು, ಆ ದಾರವನ್ನು ವಿಮಾನದ ದಾರಿಗೆ ಅಡ್ಡ ತರುವುದು, ರೆಕ್ಕೆಯ ತುದಿ ದಾರಕ್ಕೆ ತಾಗಿ ಒಂದು ಕ್ಷಣ ನಿಂತಾಗ ವಿಮಾನ ಅಲ್ಲೇ ತಿರುಗಿ ಬೇರೆ ಕಡೆ ಮುಖ ಮಾಡುತ್ತದೆ, ಆಗ ಬಿಟ್ಟುಬಿಡುವುದು. ಅಷ್ಟೇ. ಕೇಳುವುದಕ್ಕೆ ಸುಲಭ, ಆದರೆ ಕೈ ಪಳಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ತಪ್ಪು ಜಾಗದಲ್ಲಿ ಹಿಡಿಯುತ್ತಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಆ ತಪ್ಪು ಜಾಗದ್ದೇ, ಆದರೆ ಅದಕ್ಕೂ ಮೊದಲು ಸಾಮಾನು ಸರಿ ಮಾಡಿಕೊಳ್ಳೋಣ.

ಕಲಿಯುವುದಕ್ಕೆ ಯಾವ ವಿಮಾನ

ಈ ಆಟದ ದೊಡ್ಡ ವರ್ಗ ಅಂದರೆ ಎಫ್1ಡಿ. ರೆಕ್ಕೆ 55 ಸೆಂಟಿಮೀಟರ್ ದಾಟಬಾರದು, ರಬ್ಬರ್ ಬಿಟ್ಟು ವಿಮಾನದ ತೂಕ ಕನಿಷ್ಠ 1.4 ಗ್ರಾಂ ಇರಬೇಕು, ರಬ್ಬರ್ 0.4 ಗ್ರಾಂ ಮೀರಬಾರದು. ಅಷ್ಟರಲ್ಲೇ ಎತ್ತರದ ಹಾಲ್‌ನಲ್ಲಿ ಅರ್ಧ ಗಂಟೆ ಆಸುಪಾಸು ಹಾರುವವರಿದ್ದಾರೆ. ಕಲಿಯುವುದಕ್ಕೆ ದಯವಿಟ್ಟು ಇದನ್ನು ಮುಟ್ಟಬೇಡಿ. ರೆಕ್ಕೆಯ ಮೇಲಿನ ಹಾಳೆ ಸೋಪಿನ ಗುಳ್ಳೆಯ ಹಾಗೆ ಬಣ್ಣ ಬಣ್ಣ ಹೊಳೆಯುವಷ್ಟು ತೆಳು, ಉಸಿರು ಬಿಟ್ಟರೂ ಬಾಗುತ್ತದೆ.

ಪೆನ್ನಿ ಪ್ಲೇನ್ ತೆಗೆದುಕೊಳ್ಳಿ. ಹಳೆಯ ಅಮೆರಿಕನ್ ತಾಮ್ರದ ಪೆನ್ನಿಯಷ್ಟು, ಅಂದರೆ 3.1 ಗ್ರಾಂ ಕನಿಷ್ಠ ತೂಕ ಇರಬೇಕು ಅನ್ನುವ ನಿಯಮದಿಂದ ಆ ಹೆಸರು ಬಂತು. ಅದರ ಬಾಲ್ಸಾ (ತುಂಬಾ ಹಗುರವಾದ ಮರ) ಕಡ್ಡಿ ಸ್ವಲ್ಪ ದಪ್ಪ ಇರುತ್ತದೆ, ನಾಲ್ಕು ಸಲ ತಪ್ಪು ಮಾಡಿದರೂ ತಡೆದುಕೊಳ್ಳುತ್ತದೆ. ಇನ್ನೊಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇದರಲ್ಲೇ ಒಂದು ಬಗೆಯಾದ ಲಿಮಿಟೆಡ್ ಪೆನ್ನಿ ಪ್ಲೇನಿನಲ್ಲಿ ರೆಕ್ಕೆ 18 ಇಂಚು, ಪ್ರೊಪೆಲ್ಲರ್ 12 ಇಂಚು. ಅಂದರೆ ಪ್ರೊಪೆಲ್ಲರ್ ಸುತ್ತುವ ವೃತ್ತದ ಆಚೆಗೆ ರೆಕ್ಕೆ ಎರಡೂ ಕಡೆ 3 ಇಂಚು ಚಾಚಿರುತ್ತದೆ, ನಾಲ್ಕು ಬೆರಳಿನ ಅಗಲ ಅಂದುಕೊಳ್ಳಿ. ದಾರ ಬಂದು ತಾಗಬೇಕಾದದ್ದು ಆ ನಾಲ್ಕು ಬೆರಳಿನ ಜಾಗಕ್ಕೆ ಮಾತ್ರ. ಎಫ್1ಡಿಯಲ್ಲಿ ಪ್ರೊಪೆಲ್ಲರ್ ಹೆಚ್ಚುಕಮ್ಮಿ ರೆಕ್ಕೆಯಷ್ಟೇ ಉದ್ದ ಇರುವುದರಿಂದ ಆ ಜಾಗ ಎರಡು ಮೂರು ಬೆರಳಿಗೆ ಇಳಿಯುತ್ತದೆ. ಒಂದು ಬೆರಳು ಒಳಗೆ ಹೋದರೆ ದಾರ ಪ್ರೊಪೆಲ್ಲರ್‌ಗೆ ಸಿಕ್ಕಿತು ಅಂತಲೇ ಲೆಕ್ಕ.

ಪೂರ್ತಿ ರಬ್ಬರ್ ಹಾಕಿ ಅಭ್ಯಾಸ ಮಾಡಬೇಡಿ. ನಾಲ್ಕನೇ ಒಂದು ಭಾಗ ಉದ್ದದ ರಬ್ಬರ್ ಹಾಕಿ, ಉಳಿದ ಉದ್ದಕ್ಕೆ ಒಂದು ಬಾಲ್ಸಾ ಕಡ್ಡಿ ಸೇರಿಸಿ, ಕಡ್ಡಿಯೂ ಸೇರಿ ಕಡಿಮೆಯಾದ ರಬ್ಬರಿನ ತೂಕದಷ್ಟೇ ಆಗುವ ಹಾಗೆ ಜೇಡಿಮಣ್ಣನ್ನು ಅದಕ್ಕೆ ಅಂಟಿಸಿ. ವಿಮಾನದ ತೂಕ ಬದಲಾಗುವುದಿಲ್ಲ, ಪ್ರೊಪೆಲ್ಲರ್ ಎಂದಿನ ವೇಗದಲ್ಲೇ ಸುತ್ತುತ್ತದೆ, ಆದರೆ ಹಾರಾಟ ಕಾಲು ಭಾಗಕ್ಕೆ ಇಳಿಯುತ್ತದೆ, ಎತ್ತರವೂ ಕಡಿಮೆ. ಒಂದು ಮಧ್ಯಾಹ್ನದಲ್ಲಿ ಎರಡು ಬಾರಿಯ ಬದಲು ಎಂಟು ಹತ್ತು ಬಾರಿ ಅಭ್ಯಾಸ ಸಿಗುತ್ತದೆ.

ಕೋಲೋ ಬಲೂನೋ

ಛಾವಣಿ 8 ಮೀಟರ್ ಒಳಗಿದ್ದರೆ ಬಲೂನು ಬೇಡವೇ ಬೇಡ. ಒಂದರೊಳಗೊಂದು ಸೇರುವ ಉದ್ದನೆಯ ಮೀನಿನ ಗಾಳದ ಕೋಲು ಸಾಕು. ಕೋಲಿನ ತುದಿಯ ಒಂದಡಿಗೆ ಮೆತ್ತನೆಯ ದಾರ ಸುತ್ತಿ ಒರಟು ಅಂಚು ಮುಚ್ಚಿಬಿಡಿ. ಕೋಲು ನೀವು ತಿರುಗಿಸಿದ ತಕ್ಷಣ ತಿರುಗುತ್ತದೆ, ಕಾಯುವ ಕೆಲಸ ಇಲ್ಲ. ಆದರೆ ಅದರ ತುದಿ ಅಲ್ಲಾಡುತ್ತಿರುತ್ತದೆ. 7 ಮೀಟರ್ ಕೋಲನ್ನು ಎತ್ತಿ ಹಿಡಿದು ನಿಂತರೆ ಎರಡು ನಿಮಿಷದಲ್ಲಿ ತೋಳು ನಡುಗುವುದಕ್ಕೆ ಶುರು, ಆ ನಡುಕ ತುದಿಯಲ್ಲಿ ಒಂದು ಗೇಣು ಆಗಿರುತ್ತದೆ. ಬುಡವನ್ನು ಸೊಂಟಕ್ಕೆ ಒತ್ತಿಕೊಳ್ಳಿ. ಕೋಲಿನಿಂದ ರೆಕ್ಕೆಯ ಕೆಳಭಾಗ ಮುಟ್ಟಬೇಡಿ, ಮುಂದಿನ ಅಂಚನ್ನು ಮಾತ್ರ ಮುಟ್ಟಿ. ಕೆಳಗಿನಿಂದ ತಾಗಿದರೆ ಅದು ತಿರುಗಿಸಿದ ಹಾಗಲ್ಲ, ಎತ್ತಿದ ಹಾಗೆ.

ಅದಕ್ಕಿಂತ ಎತ್ತರದ ಜಾಗಗಳಿಗೆ ಬಲೂನೇ ಬೇಕು. ಈ ಆಟಕ್ಕೆ ಹೆಸರಾದ ಜಾಗಗಳೆಲ್ಲ ಅಂಥವೇ. ಇಂಗ್ಲೆಂಡಿನ ಕಾರ್ಡಿಂಗ್‌ಟನ್‌ನಲ್ಲಿ, ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ವಾಯುನೌಕೆ ನಿಲ್ಲಿಸುವುದಕ್ಕೆ ಕಟ್ಟಿದ ಹ್ಯಾಂಗರ್‌ಗಳು, ರೊಮೇನಿಯಾದ ಸ್ಲಾನಿಕ್‌ನಲ್ಲಿ ನೆಲದಡಿಯ ಉಪ್ಪಿನ ಗಣಿ. ವಿಶ್ವ ಚಾಂಪಿಯನ್‌ಶಿಪ್ ಆ ಗಣಿಯೊಳಗೆ ಎಷ್ಟೋ ಬಾರಿ ನಡೆದಿದೆ. ಅಲ್ಲೆಲ್ಲ ಯಾವ ಕೋಲೂ ಮೇಲಿನವರೆಗೆ ಎಟುಕುವುದಿಲ್ಲ.

ಬಲೂನು ಯಾಕೆ ದೊಡ್ಡದಿರಬೇಕು

ನಾನು ಮೊದಲು ಹುಟ್ಟುಹಬ್ಬದ ಬಲೂನು ತೆಗೆದುಕೊಂಡು ಹೋಗಿದ್ದೆ. ಒಂದೆರಡು ಗ್ರಾಂ ವಿಮಾನ ತಿರುಗಿಸುವುದಕ್ಕೆ ಇನ್ನೆಷ್ಟು ದೊಡ್ಡದು ಬೇಕು, ಅಲ್ವಾ? ನಾನು ಈ ಕಡೆ ನಡೆದರೆ ಬಲೂನು ಹಿಂದೆಲ್ಲೋ ತೂರಾಡುತ್ತಾ ಬರುತ್ತಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ.

ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಎತ್ತುತ್ತದೆ. 30 ಸೆಂಟಿಮೀಟರ್ ಬಲೂನಿನಲ್ಲಿ ಹಿಡಿಯುವುದು 14 ಲೀಟರ್. ಅದರಲ್ಲಿ ಬಲೂನಿನ ರಬ್ಬರಿಗೇ 3 ಗ್ರಾಂ ಹೋಯಿತು, 30 ಮೀಟರ್ ದಾರಕ್ಕೆ ಇನ್ನೊಂದು 3 ಗ್ರಾಂ. ಕೊನೆಗೆ ದಾರವನ್ನು ಬಿಗಿಯಾಗಿ ಹಿಡಿಯುವುದಕ್ಕೆ ಉಳಿಯುವುದು 8 ಗ್ರಾಂ. ನೀವು ಸೆಕೆಂಡಿಗೆ ಒಂದು ಮೀಟರ್ ಹಾಗೆ ಮೆಲ್ಲಗೆ ನಡೆದರೂ ಗಾಳಿಯ ತಡೆ ಆ ಬಲೂನನ್ನು 2 ಗ್ರಾಂ ಬಲದಲ್ಲಿ ಹಿಂದಕ್ಕೆ ಎಳೆಯುತ್ತದೆ. ದಾರ 14 ಡಿಗ್ರಿ ವಾಲುತ್ತದೆ. 30 ಮೀಟರ್ ಎತ್ತರದಲ್ಲಿ ಅದು ಏಳು ಮೀಟರಿಗೂ ಜಾಸ್ತಿ ಹಿಂದೆ ಬಿದ್ದಂತೆ!

ಅದೇ 60 ಸೆಂಟಿಮೀಟರ್ ಬಲೂನಾದರೆ 113 ಲೀಟರ್ ಹಿಡಿಯುತ್ತದೆ, ಎಲ್ಲ ಕಳೆದು 90 ಗ್ರಾಂ ಹತ್ತಿರ ಉಳಿಯುತ್ತದೆ. ಗಾಳಿಯ ತಡೆ 8 ಗ್ರಾಂ ಅಷ್ಟೇ. ವಾಲುವುದು 5 ಡಿಗ್ರಿ, ಹಿಂದೆ ಬೀಳುವುದು ಎರಡೂವರೆ ಮೀಟರ್ ಆಸುಪಾಸು. ಬಲೂನು ದೊಡ್ಡದಾದಷ್ಟೂ ಎತ್ತುವ ಬಲ ತಡೆಗಿಂತ ಬೇಗ ಹೆಚ್ಚುತ್ತದೆ. ಅದಕ್ಕೇ ಅನುಭವ ಇರುವವರು 90 ಸೆಂಟಿಮೀಟರ್ ಬಲೂನು ಹಿಡಿದು ಬಂದಿರುತ್ತಾರೆ, ತೋರಿಕೆಗೆ ಅಲ್ಲ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ನಡಿಗೆ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆ 60 ಸೆಂಟಿಮೀಟರ್ ಬಲೂನು ಹಿಡಿದು ಸೆಕೆಂಡಿಗೆ 2 ಮೀಟರ್ ಹಾಗೆ ಬಿರಬಿರನೆ ನಡೆದರೆ ಅದು ಹತ್ತು ಮೀಟರಿಗೂ ಜಾಸ್ತಿ ಹಿಂದೆ ಬೀಳುತ್ತದೆ. ನೀವು ನಿಂತ ಮೇಲೆ ಅದು ತೂಗುತ್ತಾ ಬಂದು ನಿಮ್ಮನ್ನೂ ದಾಟಿ ಮುಂದೆ ಹೋಗುತ್ತದೆ. ಅಷ್ಟು ಹೊತ್ತಿಗೆ ವಿಮಾನ ಅಲ್ಲಿರುವುದಿಲ್ಲ. ಓಡಿದರೆ ಬಲೂನು ತಡವಾಗಿ ಬರುತ್ತದೆ, ಮೆಲ್ಲಗೆ ನಡೆದರೆ ಬೇಗ ಬರುತ್ತದೆ. ತಲೆಕೆಳಗಾದ ಲೋಕ ಇದು.

ದಾರದ ಬಗ್ಗೆ ಎರಡು ಮಾತು. ನೈಲಾನ್ ಗಾಳದ ದಾರ ಬೇಡ. ರೀಲಿನ ಸುರುಳಿ ಅದಕ್ಕೆ ನೆನಪಿರುತ್ತದೆ, ನೇರ ನಿಲ್ಲುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ರೆಕ್ಕೆಯ ಹಾಳೆಯನ್ನು ಬ್ಲೇಡಿನ ಹಾಗೆ ಸೀಳುತ್ತದೆ. ಹೆಣೆದ, ಮೆತ್ತನೆಯ, ಛಾವಣಿಯ ಬಣ್ಣಕ್ಕೆ ಎದ್ದು ಕಾಣುವ ದಾರ ತನ್ನಿ. ಗಾಳದ ರೀಲಿಗೆ ಸುತ್ತಿ, ರೀಲನ್ನು ಒಂದು ಗಿಡ್ಡ ಕೋಲಿಗೆ ಕಟ್ಟಿಕೊಳ್ಳಿ. ಬಲೂನಿನಿಂದ 3 ಮೀಟರ್ ಕೆಳಗೆ ಒಂದು ಚಿಕ್ಕ ಬಣ್ಣದ ಕಾಗದದ ಚೂರು ಅಂಟಿಸಿ. ವಿಮಾನ ಯಾವಾಗಲೂ ಆ ಚೂರಿನ ಕೆಳಗೇ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಬಲೂನು ಎಬ್ಬಿಸಿದ ಗಾಳಿಯಲ್ಲಿ ಅದು ಎಡವುತ್ತದೆ. ಬಲೂನು ಎಲ್ಲಾದರೂ ಉಜ್ಜಿ ವಿದ್ಯುತ್ ಹಿಡಿದಿದ್ದರಂತೂ ವಿಮಾನವನ್ನೇ ತನ್ನತ್ತ ಎಳೆದುಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸುವುದಕ್ಕೆ ಆಗುವುದಿಲ್ಲ, ಹಾಳೆ ಹರಿಯುತ್ತದೆ. ಛಾವಣಿಯ ಬಿಸಿ ದೀಪಗಳನ್ನೂ ನೋಡಿಕೊಳ್ಳಿ, ತಾಗಿದರೆ ಠಪ್ ಅನ್ನುತ್ತದೆ. ಆಮೇಲೆ 30 ಮೀಟರ್ ದಾರ ನಿಮ್ಮ ಮೈಮೇಲೆ.

ಹಿಡಿಯುವ ಜಾಗ

ಈಗ ಮುಖ್ಯ ವಿಷಯ. ಹೊಸಬರೆಲ್ಲ ಏನು ಮಾಡುತ್ತಾರೆ? ವಿಮಾನ ಗೋಡೆಯ ಹತ್ತಿರ ಬರುವವರೆಗೆ ಕಾಯುತ್ತಾರೆ, ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಅದು ಹಾದುಹೋಗುವಾಗ ಗಾಬರಿಯಿಂದ ದಾರ ಅಡ್ಡ ತರುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ. ವಿಮಾನ ತಿರುಗಿ, ಸುತ್ತು ಹಾಕಿಕೊಂಡು ಬಂದು ಮತ್ತೆ ಗೋಡೆಗೇ ಹೋಗುತ್ತಿತ್ತು. ನನ್ನ ಕೈ ಸರಿಯಿಲ್ಲ ಅಂದುಕೊಂಡೆ. ಕೈ ಸರಿಯಾಗೇ ಇತ್ತು. ಹಿಡಿದ ಜಾಗ ತಪ್ಪು.

ಒಂದು ಬಳೆ ತೆಗೆದುಕೊಳ್ಳಿ. ಮೇಜಿನ ಮೇಲಿಡಿ. ಬಲಗಡೆ ಒಂದು ಪುಸ್ತಕ ಇಡಿ, ಅದು ಗೋಡೆ. ಬಳೆ ಅಂದರೆ ವಿಮಾನ ಸುತ್ತುವ ದಾರಿ. ಒಳಾಂಗಣ ವಿಮಾನಗಳನ್ನು ಸಾಮಾನ್ಯವಾಗಿ ಎಡಕ್ಕೆ ಸುತ್ತುವ ಹಾಗೆ ಹೊಂದಿಸಿರುತ್ತಾರೆ, ಅಂದರೆ ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕು. ಈಗ ಪೆನ್ನಿನ ತುದಿಯನ್ನು ಬಳೆಯ ಅಂಚಿನ ಒಂದು ಜಾಗಕ್ಕೆ ಒತ್ತಿ ಹಿಡಿದು, ಆ ತುದಿಯ ಸುತ್ತ ಬಳೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ದಾರ ವಿಮಾನಕ್ಕೆ ಮಾಡುವುದು ಇಷ್ಟೇ: ವಿಮಾನ ಇದ್ದಲ್ಲೇ ತಿರುಗುತ್ತದೆ, ಅದರ ಜೊತೆಗೆ ಅದು ಮುಂದೆ ಹೋಗಬೇಕಾದ ಇಡೀ ವೃತ್ತವೂ ತಿರುಗುತ್ತದೆ.

ಮೊದಲು ಪುಸ್ತಕಕ್ಕೆ ತೀರಾ ಹತ್ತಿರದ ಅಂಚಿನಲ್ಲಿ ಪೆನ್ನು ಒತ್ತಿ ತಿರುಗಿಸಿ ನೋಡಿ. ಬಳೆಯ ಅರ್ಧ ಭಾಗ ಪುಸ್ತಕದ ಮೇಲೆ ಹತ್ತಿ ಕೂರುತ್ತದೆ. ನಾನು ಒಂದೂವರೆ ವರ್ಷ ಮಾಡಿದ್ದು ಇದೇ.

ಈಗ ಬಳೆಯನ್ನು ಮೊದಲಿನ ಜಾಗಕ್ಕೆ ತನ್ನಿ. ನಿಮಗೆ ಹತ್ತಿರದ ಅಂಚು, ಅಂದರೆ ವಿಮಾನ ನೇರವಾಗಿ ಪುಸ್ತಕದ ಕಡೆಗೆ ಮುಖ ಮಾಡಿ ಹೋಗುತ್ತಿರುವ ಜಾಗ, ಅಲ್ಲಿ ಪೆನ್ನು ಒತ್ತಿ. ಕಾಲು ಸುತ್ತು ತಿರುಗಿಸಿ. ಬಳೆ ಪುಸ್ತಕದಿಂದ ಅರ್ಧ ಬಳೆಯಷ್ಟು ಆಚೆ ಹೋಯಿತು, ನೋಡಿದಿರಾ? ವಿಮಾನದ ಸುತ್ತು 12 ಮೀಟರ್ ಅಗಲ ಇದ್ದರೆ ಗೋಡೆಯಿಂದ 6 ಮೀಟರ್ ದೂರ ಸಿಕ್ಕಿತು. ಕಾಲು ಸುತ್ತು ಪೂರ್ತಿ ಆಗಲಿಲ್ಲ, 60 ಡಿಗ್ರಿ ಮಾತ್ರ ತಿರುಗಿತು ಅಂದರೂ 5 ಮೀಟರ್ ಸಿಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಚಿಂತೆ ಇಲ್ಲ.

ಇನ್ನೂ ದೂರ ಬೇಕಾದರೆ, ಗೋಡೆಗೆ ವಿರುದ್ಧ ಬದಿಯ ಅಂಚಿನಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಬಳೆಯಷ್ಟು ಅಗಲವೇ ಸರಿಯುತ್ತದೆ, 12 ಮೀಟರಿಗೆ 12 ಮೀಟರ್. ಆದರೆ ಅರ್ಧ ಸುತ್ತು ತಿರುಗುವವರೆಗೆ ಹಿಡಿದಿಟ್ಟುಕೊಳ್ಳುವುದು ಕಷ್ಟ, ಮೊದಮೊದಲು ಅದರ ಗೋಜಿಗೆ ಹೋಗಬೇಡಿ.

ಅಂದರೆ ವಿಮಾನ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದರೆ ಏನೂ ಮಾಡಬೇಡಿ. ಕೈ ಕಟ್ಟಿ ನಿಂತುಕೊಳ್ಳಿ. ಈ ಸುತ್ತಿನಲ್ಲಿ ಅದು ತಾನಾಗಿಯೇ ಗೋಡೆ ಬಿಟ್ಟು ಈಚೆ ಬರುತ್ತದೆ. ಮುಂದಿನ ಸುತ್ತಿನಲ್ಲಿ ಅದು ಮತ್ತೆ ಗೋಡೆಗೆ ಮುಖ ಮಾಡುವ ಜಾಗಕ್ಕೆ ನೀವು ಮೊದಲೇ ಹೋಗಿ ದಾರ ನಿಲ್ಲಿಸಿಕೊಂಡು ಕಾಯಿರಿ. ಎಫ್1ಡಿಯಂಥ ವಿಮಾನಕ್ಕೆ ಅಷ್ಟು ದೊಡ್ಡ ಸುತ್ತು ಮುಗಿಸುವುದಕ್ಕೆ ಮುಕ್ಕಾಲು ನಿಮಿಷ ಹಿಡಿಯಬಹುದು. ಟೈಮ್ ಬೇಕಾದಷ್ಟಿದೆ.

ಎಷ್ಟು ಸುತ್ತು ಕಾಯಬಹುದು ಅನ್ನುವುದಕ್ಕೆ ನೆಲ ನೋಡಿ, ಛಾವಣಿ ಅಲ್ಲ. ಆಟದ ಹಾಲ್‌ಗಳ ನೆಲದ ಮೇಲೆ ಗೆರೆಗಳಿರುತ್ತವೆ. ವಿಮಾನದ ಸುತ್ತಿನ ನಡುಮಧ್ಯ ಯಾವ ಗೆರೆಯ ಮೇಲಿದೆ ಅಂತ ಪ್ರತಿ ಸುತ್ತಿಗೂ ಗುರುತು ಹಾಕಿಕೊಳ್ಳಿ. ಸುತ್ತಿಗೆ ಒಂದು ಮೀಟರ್ ಸರಿಯುತ್ತಿದೆ, ಸುತ್ತಿನ ಅಂಚಿನಿಂದ ಗೋಡೆ 4 ಮೀಟರ್ ದೂರ ಇದೆ ಅಂದರೆ ಎರಡನೇ ಸುತ್ತಿನಲ್ಲೇ ತಿರುಗಿಸಿ. ಅದು ತಪ್ಪಿದರೆ ಅಂತ ಮೂರನೆಯದನ್ನು ಉಳಿಸಿಕೊಳ್ಳಬೇಕು. ಬೆಳಿಗ್ಗೆ ಹಾರಿಸುವ ಮುಂಚೆ ಚಿಕ್ಕ ಹೀಲಿಯಂ ಬಲೂನಿಗೆ ಕಾಗದದ ಚೂರುಗಳನ್ನು ಕಟ್ಟಿ, ಮೇಲೂ ಹೋಗದೆ ಕೆಳಗೂ ಬಾರದೆ ನಿಲ್ಲುವ ಹಾಗೆ ಮಾಡಿ ಬಿಟ್ಟು ನೋಡಿ. ಅದು ತೇಲಿಹೋಗುವ ಕಡೆಗೇ ವಿಮಾನವೂ ಸರಿಯುತ್ತದೆ.

ಯಾವ ರೆಕ್ಕೆ

ಎಡಕ್ಕೆ ಸುತ್ತುವ ವಿಮಾನವನ್ನು ಎಡ ರೆಕ್ಕೆಯ ತುದಿಯಲ್ಲೇ ಹಿಡಿಯಬೇಕು. ಆ ತುದಿ ನಿಂತರೆ ಮಿಕ್ಕ ವಿಮಾನ ಅದರ ಸುತ್ತ ಎಡಕ್ಕೆ ತಿರುಗುತ್ತದೆ, ಅದು ಹೇಗೂ ಹೋಗುತ್ತಿದ್ದ ಕಡೆಗೆ. ಬಲ ರೆಕ್ಕೆ ಹಿಡಿದು ಬಲಕ್ಕೆ ತಿರುಗಿಸಹೋದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಕಥೆ. ರೆಕ್ಕೆ, ಬಾಲ ಎಲ್ಲವನ್ನೂ ಎಡಕ್ಕೆ ಹೊಂದಿಸಿರುತ್ತದೆ, ವಿಮಾನ ನಡುವೆ ಸಿಕ್ಕಿ ಮೂಗೆತ್ತಿ ನಿಂತು ಕೆಳಗೆ ಜಾರುತ್ತದೆ. ಎಡ ತುದಿ ಸುತ್ತಿನ ಒಳಗಡೆ ಇರುವುದರಿಂದ ನೀವು ದಾರವನ್ನು ಸುತ್ತಿನ ಒಳಗಿನಿಂದ ತರಬೇಕು. ಹೊರಗಿನಿಂದ ತಂದರೆ ದಾರ ಪ್ರೊಪೆಲ್ಲರ್ ದಾಟಿಕೊಂಡು ಬರಬೇಕಾಗುತ್ತದೆ, ಅದು ಯಾವತ್ತೂ ದಾಟುವುದಿಲ್ಲ.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ವಿಮಾನ ನಿಮ್ಮ ಕಡೆ ಬರುತ್ತಿದೆ, ಪ್ರೊಪೆಲ್ಲರ್ ಎಷ್ಟು ನಿಧಾನ ಅಂದರೆ ಒಂದೊಂದು ಸುತ್ತನ್ನೂ ಎಣಿಸಬಹುದು. ದಾರ ಅಲ್ಲಾಡದೆ ನಿಂತಿದೆ. ರೆಕ್ಕೆಯ ತುದಿಯ ಮುಂದಿನ ಅಂಚು ದಾರಕ್ಕೆ ತಾಗುತ್ತದೆ. ಶಬ್ದ ಇಲ್ಲ, ಕೈಗೆ ಏನೂ ಗೊತ್ತಾಗುವುದಿಲ್ಲ. ರೆಕ್ಕೆಯ ತುದಿ ಒಂದಿಷ್ಟು ಹಿಂದಕ್ಕೆ ಬಾಗುತ್ತದೆ, ಬಲ ರೆಕ್ಕೆ ಮುಂದಕ್ಕೆ ಬೀಸುತ್ತದೆ, ಬಾಲ ಆಚೆ ಹೊರಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಕಾಲು ಸುತ್ತು ಆಗಿಹೋಗಿರುತ್ತದೆ. ಬಿಡಿ ಅಂತ ನಿಮ್ಮ ತಲೆ ಹೇಳುವಷ್ಟರಲ್ಲಿ ತಡವಾಗಿರುತ್ತದೆ, ಯಾಕೆಂದರೆ ನೀವು ಕೆಳಗೆ ಕೈ ಸರಿಸಿದ್ದು ಮೇಲೆ ತಲುಪುವುದಕ್ಕೆ ಇನ್ನೊಂದು ಕ್ಷಣ ಬೇಕು. ಹಾಗಾಗಿ ವಿಮಾನ ಅರ್ಧ ತಿರುಗಿದಾಗಲೇ ಬಿಡುವುದಕ್ಕೆ ಶುರು ಮಾಡಿ.

ಬಿಡುವುದು ಅಂದರೆ ದಾರವನ್ನು ಎಳೆದುಕೊಳ್ಳುವುದಲ್ಲ. ವಿಮಾನ ಯಾವ ಕಡೆ ಮುಖ ಮಾಡಿದೆಯೋ ಅದೇ ಕಡೆ ಎರಡು ಹೆಜ್ಜೆ, ಅದಕ್ಕಿಂತ ಸ್ವಲ್ಪ ಬೇಗ ನಡೆಯಿರಿ. ದಾರ ರೆಕ್ಕೆಯ ಅಂಚಿನಿಂದ ಮುಂದೆ ಸರಿದು ದೂರವಾಗುತ್ತದೆ. ಆಮೇಲೆ ಎಡಕ್ಕೆ, ಅಂದರೆ ಪ್ರೊಪೆಲ್ಲರಿನಿಂದ ಆಚೆ, ಸರಿಯಿರಿ. ನನ್ನ ಮೊದಲ ಯಶಸ್ವಿ ಹಿಡಿತದಲ್ಲಿ ಖುಷಿಗೆ ಜಗ್ಗಿಬಿಟ್ಟೆ. ದಾರ ಬಲಕ್ಕೆ ಬಂತು, ಪ್ರೊಪೆಲ್ಲರ್ ಅದನ್ನು ಎರಡು ಸುತ್ತು ಸುತ್ತಿಕೊಂಡಿತು, ಬಲೂನು ಕೆಳಗೆ ಇಳಿಸಿಕೊಂಡಾಗ ವಿಮಾನ ದಾರಕ್ಕೆ ಒಣಗಿಸಿದ ಬಟ್ಟೆಯ ಹಾಗೆ ನೇತಾಡುತ್ತಾ ಬಂತು. ಸುತ್ತ ನಿಂತವರು ಯಾರೂ ನಗಲಿಲ್ಲ, ಅದೇ ಇನ್ನೂ ಬೇಜಾರು.

ಮುಂದೆಯೋ ಹಿಂದೆಯೋ

ಇನ್ನು ಕಣ್ಣಿನ ಸಮಸ್ಯೆ. ಕೆಳಗೆ ನಿಂತು ಮೇಲೆ ನೋಡಿದರೆ ದಾರ ವಿಮಾನದ ಮುಂದಿದೆಯೋ ಹಿಂದಿದೆಯೋ ಗೊತ್ತೇ ಆಗುವುದಿಲ್ಲ. ಎರಡೂ ಒಂದರ ಮೇಲೊಂದು ಕಾಣುತ್ತವೆ. ತಾಗಿಯೇಬಿಟ್ಟಿತು ಅಂದುಕೊಂಡಿರುತ್ತೀರಿ, ನಡುವೆ 2 ಮೀಟರ್ ಇರುತ್ತದೆ. ಇದಕ್ಕೆ ಔಷಧಿ ಒಬ್ಬ ಜೊತೆಗಾರ. ಅವರನ್ನು ನಿಮ್ಮಿಂದ ಪಕ್ಕಕ್ಕೆ, ನೀವು ನೋಡುವ ದಿಕ್ಕಿಗೆ ಅಡ್ಡವಾಗಿ, ಸಾಕಷ್ಟು ದೂರದಲ್ಲಿ ನಿಲ್ಲಿಸಿ. "ಮುಂದೆ", "ಹಿಂದೆ", "ಇದೆ" ಈ ಮೂರೇ ಮಾತು ಸಾಕು. ಎಡ ಬಲ ಅಂತ ಹೇಳುವುದಕ್ಕೆ ಬಿಡಬೇಡಿ, ಅವರ ಎಡ ನಿಮ್ಮ ಎಡ ಅಲ್ಲ, ಅಲ್ಲಿಂದ ಜಗಳ ಶುರು.

ಜೊತೆಗೆ ಯಾರೂ ಇಲ್ಲದಿದ್ದರೆ ಒಂದು ಉಪಾಯ ಇದೆ. ವಿಮಾನದ ಹಿಂದೆ ಹೋಗಬೇಡಿ, ಅದು ಬರುವ ದಾರಿಯಲ್ಲಿ ಮುಂದೆ ಹೋಗಿ ನಿಂತು ಅದನ್ನು ಎದುರಿಗೆ ಬರಮಾಡಿಕೊಳ್ಳಿ. ವಿಮಾನ ನೇರ ನಿಮ್ಮ ಕಡೆ ಬರುತ್ತಿದ್ದರೆ ಎಡ ತುದಿಗೂ ದಾರಕ್ಕೂ ಪಕ್ಕದ ಅಳತೆ ಚೆನ್ನಾಗಿ ಕಾಣುತ್ತದೆ, ಮುಂದೆ ಹಿಂದೆಯ ಲೆಕ್ಕ ವಿಮಾನವೇ ನೋಡಿಕೊಳ್ಳುತ್ತದೆ, ಹೇಗೂ ಅದು ದಾರದ ಹತ್ತಿರ ಬಂದೇ ಬರುತ್ತದಲ್ಲ. ನೀವು ದಾರವನ್ನು ವಿಮಾನಕ್ಕೆ ತಾಗಿಸಬೇಡಿ, ವಿಮಾನ ಬಂದು ದಾರಕ್ಕೆ ತಾಗಲಿ. ಇದೊಂದು ಅಭ್ಯಾಸ ಕೂತರೆ ಅರ್ಧ ಕೆಲಸ ಮುಗಿಯಿತು.

ಅಭ್ಯಾಸಕ್ಕೆ ವಿಮಾನವೇ ಬೇಕು ಅಂತಿಲ್ಲ. ಬಲೂನು ಮೇಲೆ ಬಿಟ್ಟು, ಛಾವಣಿಯ ಯಾವುದಾದರೂ ಒಂದು ಗುರುತಿನ ನೇರಕ್ಕೆ ದಾರ ತಂದು ಅಲ್ಲಾಡದ ಹಾಗೆ ನಿಲ್ಲಿಸಿ ನೋಡಿ. ಎಷ್ಟು ಸೆಕೆಂಡ್ ಹಿಡಿಯಿತು ಎಣಿಸಿ. ಮೊದಲ ದಿನ ನನಗೆ 40 ಸೆಕೆಂಡ್ ಮೇಲೆ ಆಗುತ್ತಿತ್ತು, ಅದೂ ತೂಗಾಟ ಪೂರ್ತಿ ನಿಲ್ಲದೆ. ಉಪಾಯ ಏನೆಂದರೆ ಗುರಿ ಇನ್ನೂ ಒಂದೆರಡು ಹೆಜ್ಜೆ ಇರುವಾಗಲೇ ನಡಿಗೆ ಅರ್ಧಕ್ಕೆ ಇಳಿಸಿ, ಬಲೂನು ನಿಮ್ಮನ್ನು ಬಂದು ಸೇರಲಿ, ಆಮೇಲೆ ಇಬ್ಬರೂ ಒಟ್ಟಿಗೆ ಕೊನೆಯ ಹೆಜ್ಜೆ ಇಡಿ. ದಿನಕ್ಕೆ ಇಪ್ಪತ್ತು ಸಲ ಮಾಡಿ. ಕುತ್ತಿಗೆ ನೋಯುತ್ತದೆ, ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ನಡುನಡುವೆ ನೆಲದ ಮೇಲೆ ಅಂಗಾತ ಮಲಗುತ್ತೇನೆ, ಅಲ್ಲಿಂದ ವಿಮಾನದ ಸುತ್ತು ಇನ್ನೂ ಚೆನ್ನಾಗಿ ಕಾಣುತ್ತದೆ ಅನ್ನುವುದು ಬೇರೆ.

ಯಾವಾಗ ಮುಟ್ಟಬಾರದು

ಹಾರಿಸಿದ ಮೊದಲ ನಿಮಿಷದಲ್ಲಿ ಮುಟ್ಟಬೇಡಿ. ರಬ್ಬರ್ ಪೂರ್ತಿ ಬಿಗಿ ಇರುತ್ತದೆ, ವಿಮಾನ ಮೂಗೆತ್ತಿ ಏರುತ್ತಿರುತ್ತದೆ, ಆಗ ರೆಕ್ಕೆ ತಡೆದರೆ ವೇಗ ಸತ್ತು ಮಗುಚುತ್ತದೆ. ಆ ಹೊತ್ತಿನ ತಿರುವು ಹಾರಿಸುವ ಜಾಗದಲ್ಲೇ ಇದೆ, ಅಂದರೆ ಸರಿದುಹೋಗುವ ದಿಕ್ಕಿನ ವಿರುದ್ಧ ಬದಿಯಲ್ಲಿ ನಿಂತು ಬಿಡಬೇಕು. ಕೊನೆಯ ಎರಡು ಮೂರು ನಿಮಿಷವೂ ಹಾಗೆಯೇ, ರಬ್ಬರ್ ಸೋತಿರುತ್ತದೆ, ಒಮ್ಮೆ ತಡೆದರೆ ಕಳೆದುಕೊಂಡ ಎತ್ತರ ಮತ್ತೆ ಸಿಗುವುದಿಲ್ಲ. ಪಕ್ಕದಲ್ಲಿ ಬೇರೆಯವರ ವಿಮಾನ ಇದ್ದರೆ ಮೊದಲು ಕೂಗಿ ಹೇಳಿ. ಎರಡು ಬಲೂನಿನ ದಾರ ಒಂದಕ್ಕೊಂದು ಸುತ್ತಿಕೊಂಡರೆ ಬಿಡಿಸುವುದರಲ್ಲಿ ಇಬ್ಬರ ಹಾರಾಟವೂ ಮುಗಿಯುತ್ತದೆ.

ಸ್ಪರ್ಧೆಗೆ ಹೋಗುವವರು ಆ ವರ್ಷದ ನಿಯಮ ಪುಸ್ತಕ ಓದಿಕೊಂಡೇ ಹೋಗಿ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಬಲೂನು, ಕೋಲು ಎರಡಕ್ಕೂ ಅವಕಾಶ ಇದೆ, ಆದರೆ ತಿರುಗಿಸುವ ನೆಪದಲ್ಲಿ ವಿಮಾನವನ್ನು ಮೇಲೆತ್ತುವಂತಿಲ್ಲ, ಹಿಂದಿನಿಂದ ನೂಕುವಂತಿಲ್ಲ, ಮುಂದಿನಿಂದಲೇ ತಡೆಯಬೇಕು. ಸಮಯ ನೋಡುವವರು ಇದನ್ನು ಗಮನಿಸುತ್ತಲೇ ಇರುತ್ತಾರೆ. ಎಫ್1ಡಿಯಲ್ಲಿ ಆರು ಹಾರಾಟ ಇರುತ್ತದೆ, ಒಳ್ಳೆಯ ಎರಡನ್ನು ಮಾತ್ರ ಕೂಡಿಸುತ್ತಾರೆ. ಅಂದರೆ ನಾಲ್ಕು ಕೆಟ್ಟರೂ ನಡೆಯುತ್ತದೆ, ಹಾಗಾಗಿ ಧೈರ್ಯ ಮಾಡಿ ಬಲೂನು ಬಿಡಿ. ಭಯಪಟ್ಟು ತಡ ಮಾಡಿದವರ ವಿಮಾನಗಳೇ ತೊಲೆ ಮೇಲೆ ಕೂತಿರುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಹಾಗೆ ಕೂತುಬಿಟ್ಟರೆ, ಆಗಲೂ ಬಲೂನೇ ಗತಿ. ವಿಮಾನದ ಪಕ್ಕ ದಾರ ತಂದು, ಬಾಲದ ಕಡೆಯಿಂದ ಮೆಲ್ಲಗೆ ಸವರಿ. ಮೂಗು ತೊಲೆಯಿಂದ ಜಾರಿದರೆ ಸಾಕು, ಉಳಿದದ್ದನ್ನು ಅದರ ತೂಕವೇ ಮಾಡುತ್ತದೆ, ರಬ್ಬರಿನಲ್ಲಿ ಇನ್ನೂ ಸುತ್ತು ಉಳಿದಿದ್ದರೆ ಹಾರಿಕೊಂಡೇ ಕೆಳಗೆ ಬರುತ್ತದೆ. ಕೆಳಗೆ ನಿಂತು ಹಿಡಿಯುವುದಕ್ಕೆ ಕೈ ಚಾಚಬೇಡಿ, ನೆಲಕ್ಕೆ ತಾನಾಗಿ ಇಳಿಯಲಿ.